ಎಲ್ಲಾ ಸೇರಿ ನೂರೆಪ್ಪತ್ತು

ದಿನವಿಡೀ ಲಾರಿ ತೂಗುವವನಿಗೆ ತನ್ನ ಸ್ವಂತ ತೂಕ ಗೊತ್ತಿರಲಿಲ್ಲ ಎಂದರೆ ನಗು ಬರುತ್ತದೆ. ನಗಬಹುದು, ಅವನೇನೂ ಬೇಜಾರು ಮಾಡಿಕೊಳ್ಳುವವನಲ್ಲ. ಹೆದ್ದಾರಿ ಪಕ್ಕದ ವೇಬ್ರಿಡ್ಜಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಡ್ರೈವರುಗಳು ಅವನಿಗೆ ಟನ್ನಣ್ಣ ಎಂದು ಹೆಸರಿಟ್ಟಿದ್ದರು. ನಿಜವಾದ ಹೆಸರು ಸಂಬಳ ಕೊಡುವವರಿಗೆ ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ. ಕಿಟಕಿ ಪಕ್ಕದಲ್ಲಿ ಅವನಿಗೆಂದೇ ಬೆಸುಗೆ ಹಾಕಿಸಿದ ಕಬ್ಬಿಣದ ಕುರ್ಚಿ ಇತ್ತು. ಅದರಲ್ಲಿ ಕೂತು, ಹೊರಗಿನ ತಟ್ಟೆಯ ಮೇಲೆ ಲಾರಿ ಹತ್ತಿ ನಿಂತಾಗ ಮುಂದಿನ ಪೆಟ್ಟಿಗೆಯಲ್ಲಿ ಕೆಂಪಗೆ ಮೂಡುವ ಅಂಕಿ ನೋಡಿ ಚೀಟಿ ಹರಿದು ಕೊಡಬೇಕು. ಖಾಲಿ ಗಾಡಿ ಇಷ್ಟು, ಎಲ್ಲಾ ಸೇರಿ ಇಷ್ಟು. ಅವನ ಕೆಲಸವೆಂದರೆ ಅಷ್ಟೆ.

ಮನೆಯಲ್ಲಿ ಮಾತ್ರ ಅವನು ಪುಟ್ಟ. ಹಾಗೆ ಕರೆಯುತ್ತಿದ್ದವಳು ಅವನ ಅಕ್ಕ. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನನ್ನು ಬೆಳೆಸಿದವಳು, ಬಟ್ಟೆ ಅಂಗಡಿಯೊಂದರಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡಿ ಹೊಲಿಯುತ್ತಿದ್ದವಳು. ಅಂಗಡಿಯಲ್ಲಿ ಸಿಗುವ ಯಾವ ಅಂಗಿಯೂ ತಮ್ಮನಿಗೆ ಆಗುತ್ತಿರಲಿಲ್ಲವಾದ್ದರಿಂದ ಅವನ ಅಂಗಿಗಳೂ ಅವಳ ಕೈಯವೇ. ಅವಳ ಮದುವೆ ಮೊದಲು ಆಗಲಿ ಎಂದು ಇವನು, ಇವನದೊಂದು ಆಗಿಬಿಡಲಿ ಎಂದು ಅವಳು, ಕಾದು ಕಾದು ಇಬ್ಬರ ತಲೆಯೂ ಬೆಳ್ಳಗಾಯಿತು. ಎರಡೇ ಕೋಣೆಯ ಆ ಮನೆಯಲ್ಲಿ "ನಾನು" ಎನ್ನುವ ಮಾತಿಗೆ ಹೆಚ್ಚು ಕೆಲಸವಿರಲಿಲ್ಲ. ನಮಗೆ ಗ್ಯಾಸ್ ಬಂದಿಲ್ಲ, ನಾವು ಆ ಕಡೆ ಹೋಗಲ್ಲ, ನಮಗೆ ಅದು ಸೇರಲ್ಲ. ಅಂಗಡಿಯವನ ಮುಂದೆ ಒಬ್ಬರೇ ನಿಂತರೂ ಬಾಯಲ್ಲಿ ಬರುತ್ತಿದ್ದುದು ನಾವೇ.

ಹೀಗಿರುವಾಗ ಅರವತ್ತರ ಹೊಸ್ತಿಲಲ್ಲಿ ಅಕ್ಕನಿಗೆ ಮದುವೆಯಾಯಿತು. ಪ್ಯಾಂಟು ಹೊಲಿಸಲು ಬಂದ ಒಬ್ಬ ನಿವೃತ್ತ ರೈಲ್ವೆ ಗಾರ್ಡ್, ಹೆಂಡತಿ ತೀರಿಕೊಂಡವರು, ಸರಿಯಾಗಿಯೇ ಇದ್ದ ಪ್ಯಾಂಟುಗಳನ್ನೂ ತರತೊಡಗಿದಾಗ ಅಕ್ಕನಿಗೆ ವಿಷಯ ತಿಳಿಯಿತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿ ಸಹಿ ಹಾಕಿದವನು ತಮ್ಮನೇ. ಸಹಿ ಹಾಕುವಾಗ ಅವನ ಕಣ್ಣಲ್ಲಿ ನೀರು ಬಂತು. ಎಲ್ಲರೂ ಸಂತೋಷಕ್ಕೆ ಎಂದುಕೊಂಡರು, ಅವನೂ ಹಾಗೇ ಅಂದುಕೊಂಡ. ಹೊಟ್ಟೆಕಿಚ್ಚು ಎನ್ನೋಣವೆಂದರೆ ಅದಲ್ಲ. ಭಾವ ಒಳ್ಳೆಯವರು, ಅಕ್ಕನ ಮುಖಕ್ಕೆ ಬಣ್ಣ ಬಂದಿತ್ತು. ರೈಲಿನಲ್ಲಿ ಅರ್ಧ ದಿನದ ದೂರದ ಊರಿಗೆ ಅವಳು ಹೋದಳು. ದೂರು ಹೇಳಲೂ ಒಂದು ಕಾರಣ ಬೇಕಲ್ಲ, ಅದೂ ಇಲ್ಲದ ದುಃಖ ಅವನದು.

ತೊಂದರೆ ಶುರುವಾದದ್ದು ಕೆರೆಯ ಹತ್ತಿರ. ರಜೆಯ ದಿನ ಬೆಳಗ್ಗೆ ಅಕ್ಕ ತಮ್ಮ ಬಾಡಿಗೆ ದೋಣಿ ತೆಗೆದುಕೊಂಡು ಕೆರೆಯ ನಡುವಿಗೆ ಹೋಗಿ ಗಾಳ ಹಾಕುವುದು ಅದೆಷ್ಟೋ ವರ್ಷದ ರೂಢಿ. ತಮ್ಮ ಹಿಂದಿನ ಹಲಗೆಯಲ್ಲಿ, ಅಕ್ಕ ಮುಂದಿನ ತುದಿಯಲ್ಲಿ, ಅವಳ ಕಾಲ ಬಳಿ ಸಮತೂಕಕ್ಕೆ ಮರಳಿನ ಒಂದು ಚೀಲ. ಅವಳು ಗಾಳ ಹಾಕಿದವಳಲ್ಲ. ಸುಮ್ಮನೆ ಕೂತು ಗುಂಡಿ ಹೊಲಿಯುತ್ತ, ಮಧ್ಯೆ ಮಧ್ಯೆ "ಬಂತೇನೋ?" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಇವನು ಒಬ್ಬನೇ ಹೋದಾಗ ದೋಣಿಯವನು ತಲೆ ಕೆರೆದುಕೊಂಡ.

"ತಪ್ಪು ತಿಳ್ಕೋಬೇಡಿ ಅಣ್ಣ. ನೀವೊಬ್ರೇ ಕೂತ್ರೆ ದೋಣಿ ಮೂತಿ ಆಕಾಶ ನೋಡುತ್ತೆ, ಹಿಂದ್ಗಡೆಯಿಂದ ನೀರು ನುಗ್ಗುತ್ತೆ. ಅಕ್ಕ ಬಂದಾಗ ಇಬ್ರೂ ಬನ್ನಿ."

"ಚೀಲ ಎರಡು ಹಾಕಿದ್ರೆ?"

"ಚೀಲ ಅಲ್ಲಾಡಿದ್ರೆ ಹಿಡಿಯೋರ್ಯಾರು?"

ದಡದಲ್ಲಿ ಕೂತು ನೋಡಿದ. ಜೊಂಡಿಗೆ ಗಾಳ ಸಿಕ್ಕಿಕೊಳ್ಳುತ್ತಿತ್ತು, ವಾಕಿಂಗ್ ಬಂದವರು ಅವನ ಬೆನ್ನು ನೋಡಿ ಪಿಸುಗುಡುತ್ತಿದ್ದರು. ಮನೆಯಲ್ಲಿ ಕೂತರೆ ಗೋಡೆ ಗಡಿಯಾರದ ಸದ್ದು. ಕೊನೆಗೆ ರಜೆಯ ದಿನವೂ ವೇಬ್ರಿಡ್ಜಿಗೆ ಹೋಗಿ ಬೇರೆಯವರ ಪಾಳಿಯಲ್ಲಿ ಸುಮ್ಮನೆ ನಿಲ್ಲತೊಡಗಿದ. ಅಲ್ಲಿಯವರು ಮೊದಲು ಮಾತಾಡಿಸಿದರು, ಆಮೇಲೆ "ಮನೇಲಿ ಕೆಲಸ ಇಲ್ವಾ ಟನ್ನಣ್ಣ?" ಎಂದರು. ವಾರಕ್ಕೊಂದು ಬೆಳಗ್ಗೆ ನೀರಿನ ಮೇಲೆ ಕಳೆಯದಿದ್ದರೆ ಉಳಿದ ಆರು ದಿನ ಹೊರುವುದು ತನ್ನಿಂದಾಗದು ಎಂದು ಅವನಿಗೆ ಆಗ ಖಚಿತವಾಯಿತು. ತನ್ನೊಬ್ಬನನ್ನೇ ಹೊರುವ ದೋಣಿ ಬೇಕು. ಅದೇ ಹುಡುಕಾಟದಲ್ಲಿ ಅವನಿಗೆ ಕಯಾಕ್ ಎಂಬುದು ಗೊತ್ತಾದದ್ದು, ಒಬ್ಬರೇ ಕೂತು, ಎರಡು ಕಡೆಯೂ ಅಲಗಿರುವ ಹುಟ್ಟಿನಿಂದ ಅತ್ತ ಒಮ್ಮೆ ಇತ್ತ ಒಮ್ಮೆ ನೀರು ತಳ್ಳುತ್ತ ಹೋಗುವ ದೋಣಿ.

ವಿಚಾರಿಸಿದ ಕಡೆಯೆಲ್ಲ ಮೊದಲ ಪ್ರಶ್ನೆ ತೂಕದ್ದೇ. ಮನೆಯ ತೂಕದ ಯಂತ್ರದ ಮುಳ್ಳು ಅವನು ಹತ್ತಿದರೆ ಕೊನೆಗೆ ಹೋಗಿ ನಡುಗುತ್ತ ನಿಲ್ಲುತ್ತಿತ್ತು. ಹಾಗಾಗಿ ಒಂದು ಮಧ್ಯಾಹ್ನ ಲಾರಿಗಳಿಲ್ಲದ ಹೊತ್ತು ನೋಡಿ ಗಾಳದ ಕೋಲುಗಳು, ಪೆಟ್ಟಿಗೆ, ಲಂಗರಿನ ಕಲ್ಲು, ನೀರಿನ ಕ್ಯಾನು ಎಲ್ಲ ಹೊತ್ತುಕೊಂಡು ವೇಬ್ರಿಡ್ಜಿನ ತಟ್ಟೆ ಹತ್ತಿದ. ಆಗ ಹೊಳೆಯಿತು: ತಟ್ಟೆಯ ಮೇಲೆ ನಿಂತರೆ ಒಳಗೆ ಅಂಕಿ ನೋಡುವವರಿಲ್ಲ, ಒಳಗೆ ಹೋದರೆ ತಟ್ಟೆಯ ಮೇಲೆ ಯಾರೂ ಇಲ್ಲ. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತ. ನಂತರ ಇಳಿದು ಒಳಗೆ ಹೋಗಿ ಅಂಕಿ ಮೂಡುವ ಪೆಟ್ಟಿಗೆಯನ್ನು ಕಿಟಕಿಯ ಕಡೆ ತಿರುಗಿಸಿಟ್ಟು, ಮತ್ತೆ ಹತ್ತಿ, ಕಣ್ಣು ಕಿರಿದು ಮಾಡಿ ಓದಿದ. ನೂರೆಪ್ಪತ್ತು. ಹತ್ತು ಕೆಜಿಗಿಂತ ಕಡಿಮೆ ವ್ಯತ್ಯಾಸ ಆ ಯಂತ್ರಕ್ಕೆ ಲೆಕ್ಕಕ್ಕೇ ಇಲ್ಲ, ಲಾರಿ ತೂಗುವುದಕ್ಕೆ ಅದರ ಅಗತ್ಯವೂ ಇಲ್ಲ.

ಊರಾಚೆ ಕಯಾಕ್ ಮಾರುವ ಒಂದು ಅಂಗಡಿಗೆ ಫೋನು ಮಾಡಿದ. ಎತ್ತಿದ್ದು ಒಬ್ಬ ಹೆಂಗಸು, ಅಂಗಡಿಯ ಒಡತಿಯೇ.

"ನಮಗೊಂದು ಕಯಾಕ್ ಬೇಕಿತ್ತು ಮೇಡಂ. ಮೀನು ಹಿಡಿಯೋಕೆ. ಇದೇ ಮೊದಲ್ನೇ ಸಲ ತಗೊಳ್ತಿರೋದು. ಅಲ್ಲಾಡಬಾರದು, ಅಷ್ಟೇ ನಮ್ಮ ಆಸೆ."

"ತೂಕ ಎಷ್ಟು?"

"ಎಲ್ಲಾ ಸೇರಿ ನೂರೆಪ್ಪತ್ತು."

ಆ ಕಡೆ ಬರೆದುಕೊಳ್ಳುವ ಸದ್ದು. "ಇಬ್ರೂ ಸೇರಿ ತಾನೆ?"

ತಪ್ಪು ಯಾರದೆಂದು ಹೇಳುವುದು ಕಷ್ಟ. ನಮಗೆ, ನಮ್ಮ ಎಂದವನು ಇವನೇ. ಖಾಲಿ ಗಾಡಿಯ ತೂಕ ಹೇಳುವ ಬದಲು ಕೆಲಸದ ಚಾಳಿಯಲ್ಲಿ ಲೋಡು ಸೇರಿಸಿ ಹೇಳಿದವನೂ ಇವನೇ. ಇಬ್ಬರು ಸಾಧಾರಣ ಮನುಷ್ಯರ ತೂಕಕ್ಕೆ ಅದು ಸರಿಯಾಗಿ ಹೊಂದುತ್ತಿತ್ತು. ಇಲ್ಲ ಮೇಡಂ, ನಾನೊಬ್ಬನೇ ಎಂದರೆ ಮುಗಿಯುತ್ತಿತ್ತು. ಆದರೆ ಅದನ್ನು ಹೇಳಬೇಕೆಂದರೆ ಎರಡು ನಾಚಿಕೆಯನ್ನು ಒಂದೇ ಉಸಿರಿನಲ್ಲಿ ಹೇಳಬೇಕು, ಇಷ್ಟು ದಪ್ಪ ಎಂಬುದು ಒಂದು, ಒಬ್ಬನೇ ಎಂಬುದು ಇನ್ನೊಂದು. ಬಾಯಿ ತಾನಾಗಿ "ಹೂಂ" ಎಂದಿತು. ಮಾತು ಆಡಿದರೆ ಹೋಯಿತು ಎನ್ನುವುದು ಸುಮ್ಮನೆ ಅಲ್ಲ.

ಮುಂದಿನ ರಜೆಗೆ ಬಸ್ಸು ಹಿಡಿದು ಹೋದ. ಅಂಗಡಿ ದೊಡ್ಡ ಶೆಡ್ಡು. ಒಳಗೆ ಗೋಡೆಯುದ್ದಕ್ಕೂ ಕಯಾಕುಗಳನ್ನು ಅಡ್ಡಲಾಗಿ ಜೋಡಿಸಿದ್ದರು. ಪ್ಲಾಸ್ಟಿಕ್ಕಿನ ಹೊಸ ವಾಸನೆ. ಹಿಂದೆ ಪರೀಕ್ಷೆಗೆಂದೇ ತೋಡಿಸಿದ ಕೊಳ. ಒಡತಿ ಐವತ್ತು ದಾಟಿದ ಸಣಕಲು ಹೆಂಗಸು, ಮೊಣಕೈವರೆಗೆ ತೋಳು ಮಡಚಿದ್ದಳು, ಅಂಗಡಿಯಲ್ಲಿ ಅವಳೊಬ್ಬಳೇ. ಕೊಳದ ಅಂಚಿಗೆ ಎರಡು ಸೀಟಿನ ಉದ್ದನೆಯ ಕಯಾಕ್ ತಂದು ನಿಲ್ಲಿಸಿದ್ದಳು. ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಅವನ ಹಿಂದೆ ಬಾಗಿಲ ಕಡೆ ನೋಡಿದಳು.

"ಇನ್ನೊಬ್ರು?"

"ಅಕ್ಕ. ಬರ್ತಾರೆ. ದಾರೀಲಿದ್ದಾರೆ."

ಒಂದು ಸುಳ್ಳಿನ ಮೇಲೆ ನೂರು ಸುಳ್ಳು ಎನ್ನುತ್ತಾರೆ. ಇವನಿಗೆ ಅಷ್ಟು ಸಾಮರ್ಥ್ಯವಿರಲಿಲ್ಲ, ಎರಡಕ್ಕೇ ಬೆವರಿಹೋದ. ಒಡತಿ ಕುರ್ಚಿ ತೋರಿಸಿದಳು. ಅದು ತೋಳಿರುವ ಕುರ್ಚಿ, ಅವನು ಹಿಡಿಸುವಂಥದ್ದಲ್ಲ. ಪರವಾಗಿಲ್ಲ ಎಂದು ನಿಂತೇ ಇದ್ದ. ಅವಳು ತನ್ನ ಪಾಡಿಗೆ ಹುಟ್ಟುಗಳನ್ನು ಒರೆಸತೊಡಗಿದಳು. ಬಾಗಿಲಾಚೆ ರಸ್ತೆಯಲ್ಲಿ ಯಾರಾದರೂ ಹೋದಾಗಲೆಲ್ಲ ತಲೆಯೆತ್ತಿ "ಇವರಾ?" ಎನ್ನುವಳು. ಅಲ್ಲ ಎಂದು ಇವನು ತಲೆಯಾಡಿಸುವನು. ಛತ್ರಿ ಹಿಡಿದ ಒಬ್ಬ ಮುದುಕಿ ಹೋದಳು, ಶಾಲೆಯ ಮಾಸ್ತರಂತಿದ್ದ ಒಬ್ಬರು ಹೋದರು. ನಾಯಿ ಹೋದಾಗ ಮಾತ್ರ ಕೇಳಲಿಲ್ಲ. ಬರುವುದಿಲ್ಲವೆಂದು ಗೊತ್ತಿರುವವರ ದಾರಿಯನ್ನು ಇನ್ನೊಬ್ಬರ ಜೊತೆ ಕೂಡಿ ಕಾಯುವುದಿದೆಯಲ್ಲ, ಅದರ ಮುಂದೆ ಒಬ್ಬನೇ ಕಾಯುವುದು ಸುಖ. ಹಾಗೆ ನಿಂತಿರುವಾಗಲೇ ಅವನಿಗೆ ಅಕ್ಕ ನಿಜವಾಗಿಯೂ ಬಂದುಬಿಡಬಹುದು ಎನ್ನಿಸತೊಡಗಿತು. ತಿಂಗಳಿಗೊಂದು ಸಲ ಬಂದರೆ ಸಾಕು. ಆಗ ಈ ಎರಡು ಸೀಟಿನದು ಸುಳ್ಳಲ್ಲ, ಹೇಳಿದ್ದೂ ಸುಳ್ಳಲ್ಲ. ಕೊಳದ ಪಕ್ಕಕ್ಕೆ ಹೋಗಿ ಅವಳಿಗೆ ಫೋನು ಮಾಡಿದ.

"ಪುಟ್ಟಾ! ಏನೋ ಈ ಹೊತ್ತಲ್ಲಿ? ಹುಷಾರಾಗಿದ್ದೀಯಾ?"

"ಹುಷಾರಾಗಿದ್ದೀನಿ ಅಕ್ಕಾ. ಏನಿಲ್ಲ, ಹಿಂಗೇ. ಅಂದ್ರೆ, ತಿಂಗಳಿಗೊಂದ್ಸಲ ಈ ಕಡೆ ಬರೋಕಾಗುತ್ತಾ ನಿಂಗೆ?"

"ಅಯ್ಯೋ, ನಾವೆಲ್ಲಿ ಬರೋಣ ಹೇಳು? ನಿಮ್ಮ ಭಾವಂಗೆ ಮಂಡಿ ನೋವು, ರೈಲು ಹತ್ತೋಕೆ ಆಗಲ್ಲ. ನಾವೀಗ ಬಾಲ್ಕನಿಗೆ ಹೊಸ ಕುರ್ಚಿ ತಂದಿದ್ದೀವಿ, ಸಂಜೆಯೆಲ್ಲ ಅಲ್ಲೇ ಕೂತಿರ್ತೀವಿ ನೋಡು." ಹಿಂದಿನಿಂದ ಭಾವ ಏನೋ ಹೇಳಿದರು, ಅಕ್ಕ ನಕ್ಕಳು. "ನೀನೇ ಬಾರೋ ನಮ್ಮನೆಗೆ. ನಾಲ್ಕು ದಿನ ಇದ್ದು ಹೋಗು."

ನಾವು ಎಂದಳು, ಅದರಲ್ಲಿ ಇವನಿರಲಿಲ್ಲ. ನಮ್ಮನೆ ಎಂದಳು, ಅದು ಇವನು ಬೀಗ ಹಾಕಿ ಬಂದಿದ್ದ ಮನೆಯಲ್ಲ. ಅಕ್ಕನ ತಪ್ಪಿಲ್ಲ, ಮಾತು ಇರುವುದೇ ಹಾಗೆ, ಯಾರ ಜೊತೆ ಇದ್ದೇವೋ ಅವರ ಜೊತೆ ಹೋಗಿಬಿಡುತ್ತದೆ.

"ಬರ್ತೀನಕ್ಕಾ," ಎಂದ. "ನಿಮ್ಮನೆಗೆ ಬರ್ತೀನಿ ಒಂದ್ಸಲ."

ಕಯಾಕಿನ ವಿಷಯ ಹೇಳಲಿಲ್ಲ. ಫೋನು ಜೇಬಿಗೆ ಹಾಕಿ ಶೆಡ್ಡಿಗೆ ಬಂದು, ಹುಟ್ಟು ಒರೆಸುತ್ತಿದ್ದವಳ ಮುಂದೆ ನಿಂತ.

"ಮೇಡಂ, ಯಾರೂ ಬರಲ್ಲ. ನೂರೆಪ್ಪತ್ತು ನಾನೊಬ್ನೇ. ಸಾಮಾನು ಬಿಟ್ರೆ ನೂರೈವತ್ತು ಇರಬಹುದು. ಅದೂ ನಾನೇ."

ಅವಳು ನಗಲಿಲ್ಲ. ಅಯ್ಯೋ ಪಾಪ ಎನ್ನಲೂ ಇಲ್ಲ. ಒರೆಸುವ ಬಟ್ಟೆ ಬಿಸಾಕಿ ರೇಗಿದಳು.

"ಅದನ್ನ ಫೋನಲ್ಲೇ ಹೇಳೋಕೆ ಏನಾಗಿತ್ತು ನಿಮಗೆ? ಆ ಎರಡು ಸೀಟಿನ ಹೆಣಭಾರಾನ ಬೆಳಗ್ಗೆ ಒಬ್ಬಳೇ ಎಳೆದು ಇಳಿಸಿದ್ದೀನಿ. ಸೊಂಟ ಬಿದ್ದುಹೋಯ್ತು. ಬನ್ನಿ, ಆ ಕಡೆ ಹಿಡೀರಿ, ವಾಪಸ್ ಇಡೋಣ."

ಬೈಸಿಕೊಂಡದ್ದೇ ಅವನಿಗೆ ಹಿತವಾಯಿತು. ಅಕ್ಕ ಹೋದ ಮೇಲೆ ಅವನನ್ನು ಬೈದವರೇ ಇರಲಿಲ್ಲ. ಎತ್ತಿ ಇಡುವುದರಲ್ಲಿ ಅವನು ಗಟ್ಟಿಗ, ಒಬ್ಬನೇ ಎತ್ತಿ ಹೆಗಲ ಮೇಲಿಟ್ಟುಕೊಂಡು ಹೋಗಿ ಇಟ್ಟ. ಅವಳು ಮುಂದಿನದನ್ನೂ ಅವನಿಂದಲೇ ತೆಗೆಸಿದಳು.

ಅವನ ಕಣ್ಣು ಹೋದದ್ದು ನೀಲಿ ಬಣ್ಣದ, ನಡು ಸಣ್ಣಗಿರುವ ಒಂದರ ಮೇಲೆ. ಅದರ ಬದಿಗೆ ಇನ್ನೂರು ಕೆಜಿ ಎಂದು ಬರೆದಿತ್ತು. ನೂರೆಪ್ಪತ್ತಕ್ಕೆ ಧಾರಾಳ ಎಂದ. "ಕೂತು ನೋಡಿ," ಎಂದಳು. ಜೇಬಿನ ಫೋನು ತೆಗೆದಿಟ್ಟು, ಲೈಫ್ ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಕೊನೆಯವರೆಗೂ ಸಡಿಲಿಸಿ ತೊಟ್ಟು, ಕೊಳಕ್ಕಿಳಿದು ಕೂತ. ಈ ಕಯಾಕುಗಳಲ್ಲಿ ಮೇಲೆ ಬಿದ್ದ ನೀರು ಇಳಿದುಹೋಗಲೆಂದು ತಳದವರೆಗೂ ತೂತುಗಳಿರುತ್ತವೆ. ಇವನು ಕೂತದ್ದೇ ತಡ, ಇಳಿಯಬೇಕಾದ ನೀರು ಅದೇ ತೂತುಗಳಿಂದ ಬುಳುಬುಳು ಮೇಲೆ ಬಂತು. ಪ್ಯಾಂಟು ಒದ್ದೆ. ಕೆಮ್ಮಿದರೂ ದೋಣಿ ಅತ್ತಿತ್ತ ವಾಲುತ್ತಿತ್ತು.

"ಅವರು ಬರೆಯೋದು ಎಷ್ಟಕ್ಕೆ ಮುಳುಗಲ್ಲ ಅಂತ. ಎಷ್ಟಕ್ಕೆ ನೆಮ್ಮದಿಯಾಗಿ ಕೂತು ಮೀನು ಹಿಡೀಬಹುದು ಅಂತ ಅಲ್ಲ. ಬರೆದಿದ್ರಲ್ಲಿ ಮೂರರಲ್ಲಿ ಎರಡು ಪಾಲು ಲೆಕ್ಕ ಹಿಡೀರಿ."

"ಲಾರಿ ಭಾರ ತಡೆಯೋದು ಬೇರೆ, ಭಾರ ಹೊತ್ತು ಓಡೋದು ಬೇರೆ," ಎಂದ ಟನ್ನಣ್ಣ.

"ಹಾಂ, ಅದೇ."

ಆಮೇಲೆ ತೆಗೆಸಿದ್ದು ಗೋಡೆಯ ತುದಿಯಲ್ಲಿದ್ದ ಹಸಿರು ಬಣ್ಣದ್ದು. ಚೆಂದ ಎನ್ನುವಂತಿರಲಿಲ್ಲ. ಅಗಲ ಒಂದು ಗಜ, ತಳ ಚಪ್ಪಟೆ, ಎರಡೂ ಬದಿ ಉಬ್ಬಿ ನೀರನ್ನು ಒತ್ತಿ ಹಿಡಿಯುವಂಥದ್ದು. ಕೊಳದಲ್ಲಿ ಕೂತಾಗ ನೀರು ಮೇಲೆ ಬರಲಿಲ್ಲ. ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ಅದು ಸ್ವಲ್ಪ ಬಾಗಿ ಅಲ್ಲೇ ನಿಂತಿತು. ಸೀಟನ್ನು ಒಂದು ಮೆಟ್ಟಿಲು ಕೆಳಗಿಳಿಸಿಕೊಟ್ಟಳು, ಎತ್ತರ ಕೂತಷ್ಟೂ ತಿರುಗಿ ಬೀಳುವುದು ಬೇಗ ಎಂದಳು. ಹುಟ್ಟು ಹಾಕುತ್ತ ಕೊಳ ಒಂದು ಸುತ್ತು ಬಂದ. ಎದುರಿಗೆ ಯಾರೂ ಕೂತಿರಲಿಲ್ಲ, ಆದರೂ ಮೂತಿ ನೆಟ್ಟಗೆ ನೀರಿನ ಮೇಲೇ ಇತ್ತು. ಎಷ್ಟೋ ವಾರಗಳ ಮೇಲೆ ಅವನ ಕಾಲ ಕೆಳಗೆ ನೀರು ಅಲ್ಲಾಡಿತು. ಇದೇ ಸಾಕು ಎಂದ. ಬಿಲ್ಲು ಮಾಡಿ ಎಂದ.

"ಇನ್ನೂ ಆಗಿಲ್ಲ," ಎಂದಳು ಒಡತಿ. "ಈಗ ಬೀಳಿ."

"ಏನು?"

"ನೀರಿಗೆ ಬೀಳಿ. ಮಗುಚಲ್ಲ ಅನ್ನೋ ದೋಣಿ ಇನ್ನೂ ಯಾರೂ ಮಾಡಿಲ್ಲ. ಒಬ್ರೇ ಹೋಗೋರು ಬಿದ್ರೆ ಒಬ್ರೇ ಹತ್ತಬೇಕು. ಹತ್ತೋಕೆ ಬಂದ್ರೆ ಕೊಡ್ತೀನಿ. ಇಲ್ಲಾಂದ್ರೆ ಇಲ್ಲ, ಬೇಜಾರು ಮಾಡ್ಕೋಬೇಡಿ."

ಅವಳು ತಮಾಷೆ ಮಾಡುತ್ತಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಅವನು ಬಿದ್ದ. ಕೊಳದ ಅರ್ಧ ನೀರು ದಂಡೆಗೆ ಚಿಮ್ಮಿತು. ಎದೆಮಟ್ಟದ ನೀರಿನಲ್ಲಿ ಕಾಲೂರಿ ನಿಂತವನಿಗೆ "ಕಾಲು ಊರಬೇಡಿ, ಕೆರೆ ನಡುವೆ ನಿಮಗೆ ನೆಲ ಎಲ್ಲಿಂದ ಬರುತ್ತೆ?" ಎಂದಳು. ಕಾಲೆತ್ತಿ, ದೋಣಿಯ ಅಂಚು ಹಿಡಿದು, ಮೈಯನ್ನು ಮೇಲಕ್ಕೆಳೆದ. ಹೊಟ್ಟೆ ಅಂಚಿಗೆ ತಾಗಿ ಜಾರಿದ. ಮತ್ತೆ ಎಳೆದ, ದೋಣಿಯೇ ಅವನ ಮೇಲೆ ಬಂತು. ಮೂಗಿಗೆ ನೀರು ಹೋಯಿತು.

"ಸ್ವಲ್ಪ ಕೈ ಕೊಡಿ ಮೇಡಂ."

"ಕೊಡಲ್ಲ. ಅಲ್ಲಿ ಯಾರು ಕೊಡ್ತಾರೆ?" ದಂಡೆಯ ಮೇಲೆ ಕೈಕಟ್ಟಿ ನಿಂತಿದ್ದಳು. "ಮೇಲಕ್ಕೆ ಎಳೀಬೇಡಿ. ಮೊದಲು ಕಾಲನ್ನ ಹಿಂದಕ್ಕೆ ಬಡೀರಿ, ಮೈ ನೀರಿನ ಮೇಲೆ ಚಾಪೆ ಹಾಗೆ ಮಲಗಲಿ. ಆಮೇಲೆ ಆ ಕಡೆ ಅಂಚು ಹಿಡಿದು, ದೋಣೀನ ಹೊಟ್ಟೆ ಕೆಳಗೆ ಎಳ್ಕೊಳ್ಳಿ."

ಅವನು ಎಷ್ಟು ಸಲ ಜಾರಿದನೋ. ತೋಳು ಸೋತವು. ಇದು ತನ್ನಂಥವನಿಗಲ್ಲ, ತನ್ನಂಥವನು ಮನೆಯಲ್ಲೇ ಇರಬೇಕು ಎಂದು ಅಂಚು ಹಿಡಿದು ತೇಲುತ್ತ ಅಂದುಕೊಂಡ. ಮನೆ ಎಂದದ್ದೇ ಆ ಎರಡು ಕೋಣೆ ಕಣ್ಣ ಮುಂದೆ ಬಂದವು, ಗಡಿಯಾರ ಬಂತು. ಹೆದರಿಕೆಯಾಯಿತು. ಆ ಹೆದರಿಕೆಯಲ್ಲೇ ಕಾಲು ಬಡಿಯತೊಡಗಿದ, ಮಗು ಹಟ ಹಿಡಿದಾಗ ಬಡಿಯುವ ಹಾಗೆ ಬಡಿದ. ಮೈ ಮೇಲೆ ಬಂತು, ಹಗುರವಾಯಿತು. ಕೈ ಚಾಚಿ ಆಚೆ ಅಂಚು ಹಿಡಿದು ಎಳೆದುಕೊಂಡ. ದೋಣಿ ಸರ್ರನೆ ಹೊಟ್ಟೆಯಡಿ ಜಾರಿ ಬಂತು. ಬೋರಲು ಬಿದ್ದುಕೊಂಡೇ ಉಸಿರು ತೆಗೆದುಕೊಂಡ, ನಿಧಾನವಾಗಿ ಹೊರಳಿದ, ಎದ್ದು ಸೀಟಿನಲ್ಲಿ ಕೂತ. ಕೂತೇ ಬಿಟ್ಟಿದ್ದ.

ಮುಖದ ನೀರು ಒರೆಸಿಕೊಂಡು, ಬಾಯಿ ತುಂಬ ನಗುತ್ತ ದಂಡೆಯ ಕಡೆ ತಿರುಗಿದ.

ದಂಡೆಯಲ್ಲಿ ಯಾರೂ ಇರಲಿಲ್ಲ. ಶೆಡ್ಡಿನೊಳಗೆ ಫೋನು ಹೊಡೆದುಕೊಂಡಿರಬೇಕು; ಅವಳು ಯಾರಿಗೋ ಅಳತೆ ಹೇಳುತ್ತಿರುವುದು ಕೇಳಿಸುತ್ತಿತ್ತು. ಅವನ ನಗು ಇನ್ನೂ ಮುಖದ ಮೇಲೇ ಇತ್ತು, ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಕೊಳದ ಸುತ್ತ ನೋಡಿದ. ಬೇಲಿ, ಒಣಗಲು ಹಾಕಿದ ಲೈಫ್ ಜಾಕೆಟ್ಟುಗಳು, ತಲೆಕೆಳಗಾಗಿಟ್ಟ ಒಂದು ಬಕೆಟ್ಟು. ಮುಂದೆ ಕೆರೆಯಲ್ಲೂ ಹೀಗೇ ಇರುತ್ತದೆ ಎಂದು ಅವನಿಗೆ ಗೊತ್ತಾಯಿತು. ಬಿದ್ದರೂ ಹತ್ತಿದರೂ, ದೊಡ್ಡ ಮೀನೇ ಸಿಕ್ಕರೂ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಸ್ವಲ್ಪ ಹೊತ್ತಿಗೆ ಅವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಸೀಟಿನಲ್ಲಿ ಕೂತಿದ್ದವನನ್ನು ನೋಡಿ ಹುಬ್ಬೇರಿಸಿದಳು.

"ಅರೆ! ಹತ್ತಿಬಿಟ್ರಾ? ಛೆ, ನಾನು ನೋಡ್ಲೇ ಇಲ್ವಲ್ಲ. ಎಲ್ಲಿ, ಇನ್ನೊಂದ್ಸಲ ಹತ್ತಿ, ನೋಡ್ತೀನಿ."

ಅವನ ತೋಳುಗಳಲ್ಲಿ ಶಕ್ತಿ ಉಳಿದಿರಲಿಲ್ಲ. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಇನ್ನೊಂದು ಸಲ ಆಗುತ್ತದೋ ಇಲ್ಲವೋ, ದೇವರಿಗೇ ಗೊತ್ತು.

"ನೋಡಿ ಮತ್ತೆ, ಒಳಗೆ ಹೋಗಬೇಡಿ," ಎಂದು ಹೇಳಿ, ಅವಳು ಹೂಂ ಎನ್ನುವುದಕ್ಕೂ ಕಾಯದೆ ಟನ್ನಣ್ಣ ಸಂತೋಷದಿಂದ ನೀರಿಗೆ ಬಿದ್ದ.